ವ್ರತ ಹಿಡಿದ ಕಾಡೆಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವೇ ಅರ್ಧ ದಾರಿಯಲ್ಲಿ ಕಂಡುಹಿಡಿದು ನನ್ನನ್ನು ನೋಡಿ ನಗುವುದಕ್ಕಿಂತ ಅದೇ ವಾಸಿ. ನಮ್ಮ ಅತ್ತಿಗೆ ಸಾಕಿದ್ದ ನೂರು ಕಾಡೆ ಹಕ್ಕಿಗಳು ಆ ವರ್ಷ ಮೊಟ್ಟೆ ಇಡುವುದನ್ನು ಕಮ್ಮಿ ಮಾಡಿದ್ದಕ್ಕೆ ಕಡಲೆಕಾಯಿ ಹಿಂಡಿ ಕಾರಣವಲ್ಲ, ಸೋಯಾ ಕಾರಣವಲ್ಲ, ಅಗಸೆ ಮರದ ಸೊಪ್ಪೂ ಕಾರಣವಲ್ಲ. ನಾನು ಕಾರಣ. ಸರಿಯಾಗಿ ಹೇಳಬೇಕೆಂದರೆ ನನ್ನ ಗಂಟಲು. ಮನೆಯವರೆಲ್ಲ ಇದನ್ನು ಮರೆತಿದ್ದಾರೆ ಎಂದು ಎಷ್ಟೋ ದಿನ ನಂಬಿಕೊಂಡಿದ್ದೆ. ಯಾರೂ ಮರೆತಿಲ್ಲ. ಈಗಲೂ ಸಾರಿನಲ್ಲಿ ಮೀನಿದ್ದ ದಿನ ಅತ್ತಿಗೆ ನನಗೆ ಬಡಿಸುತ್ತಾ ಒಂದು ನೋಟ ನೋಡುತ್ತಾಳೆ. ಆ ನೋಟ ಎಲ್ಲಿಂದ ಬಂತು ಎಂಬುದನ್ನೇ ಈಗ ಹೇಳಹೊರಟಿರುವುದು.

ನೆನಪಾಗುವುದಕ್ಕೆ ಕಾರಣ ಒಂದು ಜರಡಿ. ಮೊನ್ನೆ ಅಜ್ಜಿ ಅಟ್ಟದಿಂದ ರಾಗಿ ಜರಡಿ ತೆಗೆದುಕೊಡು ಎಂದಳು. ಹತ್ತಿ ಕೈಯಾಡಿಸಿದರೆ ಸಿಕ್ಕಿದ್ದು ಬೇರೊಂದು. ಕಣ್ಣು ತೀರಾ ಸಣ್ಣದು. ಒಂದು ಕಡೆ ಅಂಚು ಹರಿದಿದ್ದನ್ನು ಮಗ್ಗದ ಕೆಂಪು ನೂಲಿನಿಂದ ಒತ್ತಾಗಿ ಹೆಣೆದು ಮುಚ್ಚಿದೆ. ಒಂದು ಸಲ ತಟ್ಟಿದೆ. ಹಸಿರು ಹಳದಿ ಪುಡಿ ಮೂಗಿಗೆ ನುಗ್ಗಿ ಸೀನು ಬಂತು. ಆ ಸೀನು ನನ್ನ ಸ್ವಂತದ್ದು. ನನ್ನಲ್ಲಿ ಸ್ವಂತದ್ದು ಎಂದು ಇರುವುದು ಅದೊಂದೇ. ಕೆಮ್ಮು ನಮ್ಮ ಹೆಡ್‌ಮಾಸ್ಟರರದು, ನಗು ಮೆಟ್ಟೂರು ಬಸ್ಸಿನ ಕಂಡಕ್ಟರನದು, ಆಕಳಿಕೆ ಅಜ್ಜಿಯದು. ಅಜ್ಜಿ ಆಕಳಿಸಿದಾಗ ಕೊನೆಯಲ್ಲಿ 'ಮಾದಪ್ಪಾ' ಎನ್ನುತ್ತಾಳೆ. ನಾನೂ ಅಷ್ಟೇ ಭಕ್ತಿಯಿಂದ ಎನ್ನುತ್ತೇನೆ.

ಈ ಅನುಕರಣೆಯ ಚಟ ಯಾರ ಮನೆಯ ಶಾಪವೋ ಗೊತ್ತಿಲ್ಲ. ಕಿವಿಗೆ ಬಿದ್ದದ್ದು ತಲೆಗೆ ಹೋಗದೆ ನೇರ ಬಾಯಿಗೆ ಬಂದುಬಿಡುತ್ತದೆ. ಒಂದು ಸಲ ಮೆಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಕಂಡಕ್ಟರ್ ಹೇಗೆ ಊದುತ್ತಾನೋ ಹಾಗೇ ಬಾಯಲ್ಲಿ ಎರಡು ಸೀಟಿ ಹೊಡೆದು 'ರೈಟ್, ಪೋಲಾಂ' ಎಂದೆ. ಡ್ರೈವರ್ ಬಸ್ಸು ಎಬ್ಬಿಸಿಕೊಂಡು ಹೊರಟೇಬಿಟ್ಟ. ಕಂಡಕ್ಟರ್ ಟೀ ಲೋಟ ಹಿಡಿದುಕೊಂಡೇ ಹಿಂದೆ ಓಡಿಬಂದ. ಹತ್ತಿದ ಮೇಲೆ ಯಾರನ್ನೂ ವಿಚಾರಿಸಲಿಲ್ಲ. ಸೀದಾ ನನ್ನ ಹತ್ತಿರ ಬಂದು ತಲೆಗೆ ಟಿಕೆಟ್ ಪುಸ್ತಕದಲ್ಲಿ ಒಂದು ಕೊಟ್ಟ. ನನ್ನ ಹೆಸರು ಆ ರೂಟಿನಲ್ಲೆಲ್ಲ ಅಷ್ಟು ಚೆನ್ನಾಗಿತ್ತು.

ಇರಲಿ, ಕಾಡೆಗೆ ಬರೋಣ. ಪುಸ್ತಕದವರು ಲಾವಕ್ಕಿ ಎನ್ನುತ್ತಾರೆ. ತಮಿಳುನಾಡಿನೊಳಗಿನ ನಮ್ಮ ಕನ್ನಡದ ಊರುಗಳಲ್ಲಿ ತಮಿಳಿನ ಕಾಡೈ ನಮ್ಮ ಬಾಯಿಗೆ ಬಂದು ಕಾಡೆಯಾಗಿದೆ. ಗುಂಡಗೆ, ಕಂದಗೆ, ಬಾಲವೇ ಇಲ್ಲದ ಹಕ್ಕಿ. ನಿಂತರೆ ಯಾರೋ ಮರೆತು ಬಿಟ್ಟುಹೋದ ಕಲ್ಲಿನ ಹಾಗೆ ಕಾಣುತ್ತದೆ. ಮೊಟ್ಟೆ ಮಾತ್ರ ಬಲು ಅಂದ, ಮಸಿ ಚಿಮುಕಿಸಿದ ಹಾಗೆ ಚುಕ್ಕೆ ಚುಕ್ಕೆ. ಅಣ್ಣ ಮೆಟ್ಟೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಮಕ್ಕಳ ಉಬ್ಬಸಕ್ಕೆ ಕಾಡೆ ಮೊಟ್ಟೆ ಒಳ್ಳೆಯದೆಂದು ಜನ ಹುಡುಕಿಕೊಂಡು ಹೋಗುವುದನ್ನು ನೋಡಿ, ಜಪಾನ್ ಕಾಡೆಯ ಮರಿಗಳನ್ನು ತಂದು ಅತ್ತಿಗೆಯ ಕೈಗೆ ಕೊಟ್ಟ.

ಅತ್ತಿಗೆ ರತ್ನ ಎಡಪ್ಪಾಡಿಯ ಕಡೆಯವಳು. ತವರಲ್ಲಿ ಎರಡು ಕೈಮಗ್ಗ. ನೂಲು ಕಡಿದ ಕಡೆ ಯಾವ ಎಳೆ ಎಂದು ಕತ್ತಲಲ್ಲೂ ಬೆರಳಲ್ಲೇ ಹುಡುಕುವವಳು. ನಮ್ಮ ಮನೆಗೆ ಬಂದ ಮೇಲೆ ಅವಳಿಗೆ ಮಗ್ಗವಿಲ್ಲ. ಕುರಿಗಳು ಅಜ್ಜಿಯವು, ಹೊಲ ಅಪ್ಪನದು, ರೇಡಿಯೋ ನನ್ನದು. ಎರಡು ವರ್ಷ ಅವಳದು ಎಂದು ಹೇಳಿಕೊಳ್ಳುವುದಕ್ಕೆ ಒಂದು ಮೊರವೂ ಇರಲಿಲ್ಲ. ಕಾಡೆ ಬಂದ ದಿನ ಹಳೆಯ ಕುರಿಮರಿ ಕೊಟ್ಟಿಗೆಯನ್ನು ತಾನೇ ಸಾರಿಸಿ, ತಂತಿ ಬಲೆಯ ಪೆಟ್ಟಿಗೆಗಳನ್ನು ತಾನೇ ಜೋಡಿಸಿದಳು. ಕೈ ಹಾಕಲು ಹೋದ ನನಗೆ, "ನೀನು ಮುಟ್ಬ್ಯಾಡ ನಂಜಾ. ಇದು ನಂದು," ಎಂದಳು. ಅವಳ ಬಾಯಲ್ಲಿ 'ನಂದು' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ತಕ್ಷಣ ಅದನ್ನೂ ಅನುಕರಿಸಿ ತೋರಿಸಿದೆ. ಅವಳು ನಗಲಿಲ್ಲ.

ತೊಂದರೆ ಬಂದದ್ದು ಒಂದು ಸೋಮವಾರ. ಮೊಟ್ಟೆ ಇಡುವ ಹಕ್ಕಿಗೆ ಬಲವಾದ ತೀನಿ ಬೇಕು ಎಂದು ಅಂಗಡಿಯವನು ಜೋಳದ ನುಚ್ಚಿಗೆ ಮೀನಿನ ಪುಡಿ ಬೆರೆಸಿ ಕೊಟ್ಟಿದ್ದ. ಕೊಟ್ಟಿಗೆಯ ಗೋಡೆಯ ಆಚೆಗೇ ಮಾದಪ್ಪನ ದೀಪದ ಗೂಡು. ಅತ್ತಿಗೆ ಮೂಟೆಯ ಬಾಯಿ ಬಿಚ್ಚಿದಳು. ಊರಿನ ಬೆಕ್ಕುಗಳೆಲ್ಲ ಸಭೆ ಸೇರಿದವು. ಅಜ್ಜಿ ಮೂಗಿಗೆ ಸೆರಗು ಹಿಡಿದುಕೊಂಡು ಬಂದಳು.

"ಇದೇನವ್ವಾ ರತ್ನಾ, ಮಾದಪ್ಪನ ಇಂದ್ಗಡೆ ಮೀನು ಸಂತೆ ಮಾಡಿದ್ದೀಯಾ? ಇವತ್ತು ಸೋಮಾರ!"

"ಕಾಡೆ ತೀನಿ ಅಜ್ಜಿ. ಮೀನು ಪುಡಿ ಆಕಿದ್ರೇನೇ ಮೊಟ್ಟೆ ಇಕ್ಕೋದು ಅಂತ ಅಂಗಡಿಯವ್ನು ಏಳ್ದ."

"ಅಂಗಡಿಯವ್ನು ಏಳ್ದ್ರೆ ಆಯ್ತಾ? ನಮ್ಮನೇಲಿ ಬಾಯಿರೋದೆಲ್ಲ ಸೋಮಾರ ಮಾಡ್ಬೇಕು. ನಾಯೀನೂ ಮಾಡ್ತೈತೆ."

ನಾಯಿ ಸೋಮವಾರ ಮಾಡುತ್ತಿದ್ದದ್ದು ಆವತ್ತು ಯಾರೂ ಮೂಳೆ ಹಾಕುತ್ತಿರಲಿಲ್ಲ ಎಂಬ ಕಾರಣಕ್ಕೆ. ನಾನು ನಡುವೆ ಬಾಯಿ ಹಾಕಿದೆ. "ಅಜ್ಜಿ, ಅದು ಜಪಾನಿಂದು. ಅದಕ್ಕೆ ಮಾದಪ್ಪ ಯಾರು ಅಂತ್ಲೇ ಗೊತ್ತಿಲ್ಲ."

"ಮಾದಪ್ಪಂಗೆ ಅದು ಗೊತ್ತೈತೆ ಕಣ್ಲಾ," ಎಂದಳು ಅಜ್ಜಿ.

ಅಲ್ಲಿಗೆ ನಮ್ಮ ಕಾಡೆಗಳು ಸೋಮವಾರ ಹಿಡಿದವು. ಅಜ್ಜಿಗೆ ಭಾಷೆ ಎರಡಾದ ಹಾಗೆ ದೇವರೂ ಎರಡು ಕಡೆಯವರು. ಕನ್ನಡದ ಮಾದಪ್ಪನಿಗೆ ಸೋಮವಾರ ಕೊಟ್ಟ ಮೇಲೆ ತಮಿಳಿನ ಪೆರುಮಾಳಿಗೆ ಶನಿವಾರ ಕೊಡದಿದ್ದರೆ ಆತ ಏನೆಂದುಕೊಂಡಾನು? ಶನಿವಾರವೂ ಸೇರಿತು. ಹೀಗೆ ವಾರಕ್ಕೆರಡು ದಿನ ಮೀನಿಲ್ಲದ ತೀನಿಯಾಗಿ ನಡೆಯುತ್ತಿರುವಾಗಲೇ ಪುರಟ್ಟಾಸಿ ಬಂತು. ತಮಿಳು ಪಂಚಾಂಗದ ಆ ಒಂದು ತಿಂಗಳು ಪೂರ್ತಿ ನಮ್ಮ ಮನೆಯಲ್ಲಿ ಮಾಂಸ, ಮೀನು ಮುಟ್ಟುವುದಿಲ್ಲ. ಕಾಡೆಗಳಿಗೂ ರಿಯಾಯಿತಿ ಇಲ್ಲ ಎಂದಾಯಿತು.

"ಮತ್ತೆ ಮೊಟ್ಟೆ ಇಕ್ತಾವಲ್ಲ, ಅದು?" ಎಂದು ನಾನು ಕೆಣಕಿದೆ.

"ಇಕ್ಕೋದು ಅದರ ಇಷ್ಟ. ತಿನ್ನಿಸೋದು ನಮ್ಮ ಕೈ," ಎಂದಳು ಅಜ್ಜಿ.

ಒಂದೇ ಒಂದು ಕಡೆ ಅಜ್ಜಿ ಸೋತಳು. ಮೊಟ್ಟೆಯ ಓಡು ಗಟ್ಟಿಯಾಗಲು ತೀನಿಗೆ ಚಿಪ್ಪಿನ ಪುಡಿ ಹಾಕಬೇಕು. ಚಿಪ್ಪು ಎಂದರೆ ಅದೂ ಒಂದು ಪ್ರಾಣಿಯದೇ ಅಲ್ಲವೇ ಎಂದು ಅಜ್ಜಿ ತಡೆದಳು. ಅತ್ತಿಗೆ ಅಜ್ಜಿಯ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಎದುರಿಗಿಟ್ಟಳು. "ಇದು ಏನ್ನ ಸುಟ್ಟು ಮಾಡಿದ್ದು ಅಜ್ಜಿ?" ಅದೂ ಚಿಪ್ಪು ಸುಣ್ಣವೇ. ಐವತ್ತು ವರ್ಷದ ಸೋಮವಾರಗಳು ಅಜ್ಜಿಯ ಕಣ್ಣ ಮುಂದೆ ಹಾದುಹೋದವು ಎಂದು ಕಾಣುತ್ತದೆ. ಬಾಯಲ್ಲಿದ್ದ ಎಲೆಯನ್ನು ಉಗಿಯಲೂ ಆಗದೆ ನುಂಗಲೂ ಆಗದೆ ದವಡೆಗೆ ಒತ್ತಿಕೊಂಡು, "ಸುಟ್ಟ ಮ್ಯಾಲೆ ಅದು ಮಣ್ಣು. ಆಕು ಓಗು," ಎಂದಳು.

ಆಮೇಲೆ ಶುರುವಾಯಿತು ಅತ್ತಿಗೆಯ ಕಾರ್ಖಾನೆ. ಕಡಲೆಕಾಯಿ ಹಿಂಡಿಯ ಒಂದೊಂದು ಬಿಲ್ಲೆಯನ್ನೂ ಮುರಿದು ಮೂಸುವಳು. ಬೂಷ್ಟಿನ ವಾಸನೆ ಒಂದಿಷ್ಟು ಬಂದರೂ ತಿಪ್ಪೆಗೆ. ನಮ್ಮ ಮನೆಯಲ್ಲಿ ಕುರಿಗೆ ಹಿಂಡಿಯನ್ನು ನೆನೆಸಿ ಕೊಟ್ಟು ರೂಢಿ. ಅಪ್ಪ ಅದೇ ಮೇಲೆಂದು ಹಟ ಮಾಡಿ ಒಂದು ದಿನ ಕಾಡೆಗೂ ನೆನೆಸಿಟ್ಟ. ಕಾಡೆಗಳು ಅದರಲ್ಲಿ ಕಾಲು ಹೂತುಕೊಂಡು ಅಪ್ಪನನ್ನೇ ನೋಡುತ್ತಾ ನಿಂತವು. ಅತ್ತಿಗೆ ಒಣಗಿದ್ದನ್ನೇ ಕುಟ್ಟಿ, ಸೋಯಾ ಹಿಂಡಿ ಬೆರೆಸಿ, ಅಗಸೆ ಸೊಪ್ಪನ್ನೂ ನುಗ್ಗೆ ಸೊಪ್ಪನ್ನೂ ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಎಲ್ಲವನ್ನೂ ಆ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸುವಳು. ದಪ್ಪ ಉಳಿದರೆ ಹಕ್ಕಿ ತನಗೆ ಬೇಕಾದ್ದನ್ನು ಆರಿಸಿ ತಿಂದು ಉಳಿದದ್ದನ್ನು ಕೆದರಿ ಚೆಲ್ಲುತ್ತದೆಯಂತೆ. ನಮ್ಮ ಅಪ್ಪನ ಹಾಗೆ.

ಮೊದಲ ವಾರ ಎಲ್ಲ ಸರಿಯಾಗಿತ್ತು. ಬುಟ್ಟಿ ತುಂಬುತ್ತಿತ್ತು. ಎರಡನೆಯ ವಾರ ನಾನು ಕುರಿಯ ಹಿಂದೆ ಗುಡ್ಡಕ್ಕೆ ಹೋದೆ.

ಗುಡ್ಡದ ಮೇಲೆ ಒಂದು ಗಿಡುಗ ಸುತ್ತುತ್ತಾ ಕೂಗುತ್ತಿತ್ತು. ಸಣ್ಣದಾಗಿ ಶುರುವಾಗಿ, ನಡುಗುತ್ತಾ ಇಳಿಯುವ ಕೂಗು. ನಾಲ್ಕು ದಿನ ಮಲಗಿಕೊಂಡು ಅದನ್ನೇ ಕಲಿತೆ. ಊರಿಗೆ ಬಂದು ಅಜ್ಜಿಯ ಕೋಳಿಯ ಮೇಲೆ ಪ್ರಯೋಗಿಸಿದೆ. ಮರಿಗಳೆಲ್ಲ ತಾಯಿಯ ರೆಕ್ಕೆಯೊಳಗೆ ಮಾಯವಾದವು. ಎರಡು ದಿನದಲ್ಲಿ ಆ ಕೋಳಿಗೆ ಇದು ನಂಜ ಎಂದು ತಿಳಿದುಹೋಯಿತು. ನನ್ನನ್ನು ಓರೆಗಣ್ಣಲ್ಲಿ ನೋಡಿ ಕೆದರುವುದನ್ನು ಮುಂದುವರಿಸಿತು. ಕಲಾವಿದನಿಗೆ ಇದಕ್ಕಿಂತ ಅವಮಾನ ಉಂಟೇ? ಹೊಸ ಪ್ರೇಕ್ಷಕರು ಬೇಕಾಗಿದ್ದರು. ಕಾಡೆಗಳ ಹತ್ತಿರ ಹೋಗಿ ಒಂದು ಸಲ ಕೂಗಿದೆ.

ಅಯ್ಯಯ್ಯೋ, ಅದನ್ನು ನೀವು ನೋಡಬೇಕಿತ್ತು. ಹುರಿಯುವ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ನೂರು ಹಕ್ಕಿಗಳು ನೆಟ್ಟಗೆ ಮೇಲಕ್ಕೆ ಹಾರಿ ತಂತಿಗೆ ತಲೆ ಬಡಿದುಕೊಂಡು ಕೆಳಗೆ ಬಿದ್ದವು. ಪೆಟ್ಟಿಗೆಯಲ್ಲಿ ಹುಟ್ಟಿ ಪೆಟ್ಟಿಗೆಯಲ್ಲಿ ಬೆಳೆದ ಹಕ್ಕಿಗಳು. ಆಕಾಶವನ್ನೇ ಕಾಣದ ಅವಕ್ಕೆ ಗಿಡುಗನ ಭಯವನ್ನು ಯಾರು ಹೇಳಿಕೊಟ್ಟಿದ್ದರೋ! ಆವತ್ತು ಹೀಗೆಲ್ಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಆವತ್ತು ಬಿದ್ದು ಬಿದ್ದು ನಕ್ಕೆ. ಮಾರನೆಯ ದಿನ ಇಬ್ಬರು ಸ್ನೇಹಿತರನ್ನು ಕರೆತಂದೆ, ಅದರ ಮಾರನೆಯ ದಿನ ಐವರನ್ನು. ಸಂಜೆ ಬಸ್ಸು ಬಂದ ಮೇಲೆ ನನ್ನ ಶೋ. ಆ ಹೊತ್ತಿಗೆ ಅತ್ತಿಗೆ ಬಾವಿಯ ಕಡೆ ಅಗಸೆ ಸೊಪ್ಪು ಕೀಳಲು ಹೋಗಿರುತ್ತಿದ್ದಳು. ಇನ್ನೊಂದು ವಿಷಯ ಹೇಳಬೇಕು. ಕೋಳಿ ಬೆಳಿಗ್ಗೆ ಮೊಟ್ಟೆ ಇಟ್ಟರೆ ಕಾಡೆ ಇಡುವುದು ಸಂಜೆಯ ಹೊತ್ತಿಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡನ್ನೂ ಕೂಡಿಸಿ ನೋಡಲಿಲ್ಲ. ಬಾಯಿಗೆ ಬಂದದ್ದು ಯಾವತ್ತೂ ತಲೆಯ ದಾರಿಯಾಗಿ ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ.

ಬುಟ್ಟಿ ಅರ್ಧಕ್ಕೆ ಇಳಿಯಿತು. ಆಮೇಲೆ ತಳ ಕಂಡಿತು. ಕೆಲವು ಮೊಟ್ಟೆಗೆ ಓಡೇ ಇಲ್ಲ, ಬರೀ ತೊಗಲು. ಊರವರೆಲ್ಲ ತೀನಿಯ ಕಡೆ ಬೆರಳು ತೋರಿಸಿದರು. ಎಲ್ಲರಿಗಿಂತ ಜೋರಾಗಿ ತೋರಿಸಿದವನು ನಾನೇ. ವ್ರತ ಹಿಡಿದ ಕಾಡೆ ಕಣ್ಣು ಮುಚ್ಚಿ, ಕೈಯಿಲ್ಲದ್ದಕ್ಕೆ ರೆಕ್ಕೆ ಮುಗಿದು, 'ಪೆರುಮಾಳೇ, ಒಂದು ಮೀನು' ಎಂದು ಬೇಡಿಕೊಳ್ಳುವುದನ್ನು ಮಾಡಿ ತೋರಿಸಿದೆ. ಅಪ್ಪ ನಕ್ಕ, ಅಜ್ಜಿಯೂ ನಕ್ಕಳು. ಅತ್ತಿಗೆ ಜರಡಿ ಆಡುವುದನ್ನು ನಿಲ್ಲಿಸಿ ಎದ್ದು ಒಳಗೆ ಹೋದಳು.

ಆ ಭಾನುವಾರ ರಜೆಗೆ ಬಂದ ಅಣ್ಣ ಬುಟ್ಟಿ ನೋಡಿದ. "ಸೊಪ್ಪು ಸದೆ ಆಕಿದ್ರೆ ಇಷ್ಟೇ ರತ್ನಾ. ಪುರಟ್ಟಾಸಿ ಮುಗೀತಿದ್ದಂಗೆ ಜನ ಮಾಂಸಕ್ಕೆ ಮುಗಿಬೀಳ್ತಾರೆ. ಅಣೆಕಟ್ಟೆ ಅತ್ರ ಫ್ರೈ ಅಂಗಡಿಯವ್ನು ಕೇಳ್ತಾವ್ನೆ. ಕಡೇ ಭಾನುವಾರ ನಾನು ಬರೋವೊತ್ತಿಗೆ ಮೊಟ್ಟೆ ಏರ್ದೇ ಇದ್ರೆ ಎಲ್ಲಾನೂ ಕೊಟ್ಬಿಡಾನ."

ಅತ್ತಿಗೆ ಅವನ ಎದುರಿಂದ ಬುಟ್ಟಿ ಎತ್ತಿಟ್ಟಳು. ಅಣ್ಣ ಹೋದ ಮೇಲೆ ಅಜ್ಜಿಯ ಹತ್ತಿರ ಹೇಳಿದ್ದು ಮಾತ್ರ ನನ್ನ ಕಿವಿಗೆ ಬಿತ್ತು. "ಇವೂ ಓದ್ರೆ ನಾನು ಮತ್ತೆ ಬರೀ ಸೊಸೆ ಅಜ್ಜಿ." ಆ ಮಾತನ್ನು ಅನುಕರಿಸಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ನಾನು ಟೈಪಿಂಗ್ ಪರೀಕ್ಷೆಗೆ ಧರ್ಮಪುರಿಗೆ ಹೊರಟಿದ್ದೆ. ಅತ್ತಿಗೆ ತೀನಿಯ ಒಂದು ಪೊಟ್ಟಣ ಕೊಟ್ಟು, "ಅಲ್ಲಿ ದನದ ಡಾಕ್ಟ್ರಿಗೆ ತೋರ್ಸು. ಮೀನಿಲ್ದೆ ಆಗ್ತೈತಾ ಕೇಳು. ಅವ್ರು ಏನು ಏಳ್ತಾರೋ ಅದನ್ನ ಅಂಗಂಗೇ ಬಂದು ಏಳು," ಎಂದಳು. ಡಾಕ್ಟರು ರಜೆಯಲ್ಲಿದ್ದರು, ಕಾದೆ. ಪರೀಕ್ಷೆ ಸೇರಿ ಐದು ದಿನವಾಯಿತು. ವಾಪಸು ಬರುವಾಗ ಅಣ್ಣನನ್ನು ನೋಡುವ ನೆಪದಲ್ಲಿ ಮೆಟ್ಟೂರು ಸುತ್ತಿಕೊಂಡು ಬಂದೆ. ಅಣೆಕಟ್ಟೆಯ ಹತ್ತಿರ ಮೀನು ಕರಿಯುತ್ತಿದ್ದರು. ಎರಡು ತುಂಡು ತಿಂದೆ. ಸರಿ, ಆರು. ಪುರಟ್ಟಾಸಿ ಎಂಬುದು ನೆನಪಿತ್ತು. ಹಸಿವು ಅದಕ್ಕಿಂತ ಹತ್ತಿರವಿತ್ತು. ಸೋಪು ಹಚ್ಚಿ ಕೈ ತೊಳೆದು, ಬಾಯಿಗೆ ಸೋಂಪು ಹಾಕಿಕೊಂಡು, ಮನೆಗೆ ಬಂದ ಕೂಡಲೇ ಶರಟು ಬಿಚ್ಚಿ ಒಗೆಯುವ ಬಟ್ಟೆಗೆ ಎಸೆದೆ.

ಸಂಜೆ ಎಲ್ಲರ ಮುಂದೆ ಡಾಕ್ಟರನ್ನು ಮಾಡಿ ತೋರಿಸಿದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪೊಟ್ಟಣ ಮೂಸಿ, ಅವರ ತಮಿಳಿನಲ್ಲೇ ಶುರುಮಾಡಿದೆ: "ಮೀನ್ ಇಲ್ಲಾಮಲುಂ ಮುಡಿಯುಂ, ತಂಬಿ!" ಮೀನಿಲ್ಲದೆಯೂ ಆಗುತ್ತದೆ ತಮ್ಮಾ, ಎಂದು. ಉಳಿದದ್ದನ್ನು ನಮ್ಮ ಮಾತಿಗೆ ತಿರುಗಿಸಿದೆ. ದನಿ ಮಾತ್ರ ಡಾಕ್ಟರದೇ. "ಒಂದೇ ಇಂಡೀನ ನಂಬಬಾರದು. ಕಡಲೆಕಾಯಲ್ಲಿ ಸಾಲದ್ದು ಸೋಯಾದಲ್ಲಿ ಐತೆ. ಸೋಯಾದಲ್ಲಿ ಸಾಲದ್ದು ಎಳ್ಳಿಂಡೀಲಿ ಐತೆ. ಎಳ್ಳಿಂಡಿ ಒಂದಿಷ್ಟು ಸೇರಿಸು. ಮಿಕ್ಕಿದ್ದು ಫಸ್ಟ್ ಕ್ಲಾಸ್! ಇಷ್ಟು ಚೆಂದ ಮಾಡಿದ ತೀನಿಗೆ ಮೊಟ್ಟೆ ಬೀಳ್ಲಿಲ್ಲ ಅಂದ್ರೆ ತೀನೀನ ಬಯ್ಯಬ್ಯಾಡ. ಕಾಡೆ ಪುಕ್ಕಲು ಪ್ರಾಣಿ. ಏನೋ ಅದನ್ನ ಎದರಿಸ್ತೈತೆ. ಅದೇನಂತ ನೋಡು!" ಎಂದು ಮೇಜು ಗುದ್ದಿ, ಡಾಕ್ಟರ ಹಾಗೇ ಕೆಮ್ಮಿ ಮುಗಿಸಿದೆ. ಭಾರೀ ಚಪ್ಪಾಳೆ. ಒಂದು ಅಕ್ಷರ ಬಿಡದೆ ಒಪ್ಪಿಸಿದ್ದೆ. ಒಂದು ಅಕ್ಷರವೂ ನನಗೆ ಕೇಳಿಸಿರಲಿಲ್ಲ. ಅತ್ತಿಗೆ ಮಾತ್ರ ಚಪ್ಪಾಳೆ ತಟ್ಟದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಕಲೆಗೆ ಮರುಳಾದಳು ಎಂದುಕೊಂಡೆ.

ಮಾರನೆಯ ಸಂಜೆಯಿಂದ ಮತ್ತೆ ಶೋ.

ಕಡೆಯ ಭಾನುವಾರ ಅಣ್ಣ ನಾಲ್ಕು ದೊಡ್ಡ ಬಿದಿರು ಬುಟ್ಟಿಗಳನ್ನು ಬಸ್ಸಿನ ಟಾಪಿನಿಂದ ಇಳಿಸಿಕೊಂಡು ಬಂದ. ಹಕ್ಕಿಗಳನ್ನು ತುಂಬಿಕೊಂಡು ಹೋಗಲು. ಅತ್ತಿಗೆ ಅವನಿಗೆ ಕಾಫಿ ಕೊಟ್ಟು, ಅಜ್ಜಿಯನ್ನೂ ಅಪ್ಪನನ್ನೂ ಕೊಟ್ಟಿಗೆಗೆ ಕರೆದಳು. ಎದುರಿಗೆ ಮೊಟ್ಟೆಯ ಎರಡು ಬುಟ್ಟಿ ಇಟ್ಟಿದ್ದಳು. ಒಂದು ತುಂಬಿ ತುಳುಕುತ್ತಿತ್ತು, ಇನ್ನೊಂದರಲ್ಲಿ ತಳ ಕಾಣುತ್ತಿತ್ತು. ಯಾವುದರದು ಏನು ಎಂದು ಹೇಳಲಿಲ್ಲ. ನನ್ನ ಕಡೆ ತಿರುಗಿ ಬಹಳ ಮೃದುವಾಗಿ ಕೇಳಿದಳು:

"ನಂಜಾ, ಗಿಡುಗನ್ನ ಬಲು ಚೆನ್ನಾಗಿ ಕೂಗ್ತೀಯಂತೆ. ಊರೆಲ್ಲ ನೋಡೈತೆ, ನಾನೊಬ್ಳೇ ನೋಡಿಲ್ಲ. ಒಂದ್ಸಲ ಕೂಗು."

ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ನನ್ನನ್ನು ಒಂದು ಸಲವೂ 'ಮಾಡಿ ತೋರ್ಸು' ಎಂದಿರಲಿಲ್ಲ. ಎದೆ ಉಬ್ಬಿಹೋಯಿತು. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಗುಡ್ಡದ ಗಿಡುಗವೇ ನಾಚುವ ಹಾಗೆ ಕೂಗಿದೆ.

ಕಣ್ಣು ಬಿಟ್ಟಾಗ ತಂತಿ ಬಲೆ ಇನ್ನೂ ನಡುಗುತ್ತಿತ್ತು. ನೂರು ಹಕ್ಕಿಗಳು ಒಂದರ ಮೇಲೊಂದು ಮೂಲೆಗೆ ಒತ್ತಿಕೊಂಡಿದ್ದವು. ಚಪ್ಪಾಳೆ ಬರಲಿಲ್ಲ. ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು.

ಅತ್ತಿಗೆ ಅಣ್ಣನಿಗೆ ಹೇಳಿದಳು, "ಈ ತುಂಬಿದ ಬುಟ್ಟಿ ನಂಜ ಧರ್ಮಪುರೀಲಿದ್ದಾಗಿನ್ದು, ಐದು ದಿನದ್ದು. ಈ ಬುಟ್ಟಿ ಅವ್ನು ಬಂದ ಮೇಲಿನ ಐದು ದಿನದ್ದು. ಎರಡಕ್ಕೂ ತೀನಿ ಒಂದೇ. ಎಳ್ಳಿಂಡಿ ಇನ್ನೂ ಬಂದೇ ಇಲ್ಲ. ಡಾಕ್ಟ್ರು ಏಳಿದ್ದನ್ನ ಇವ್ನೇ ಅಲ್ವಾ ಕೂಗಿ ಕೂಗಿ ಒಪ್ಪಿಸಿದ್ದು, ಏನೋ ಎದರಿಸ್ತೈತೆ ಅಂತ?"

ಅಣ್ಣ ತಾನು ತಂದ ಬಿದಿರು ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟ. ಆ ಬುಟ್ಟಿಗಳು ಮೆಟ್ಟೂರಿಗೆ ವಾಪಸು ಹೋಗಲೇ ಇಲ್ಲ; ಮುಂದೆ ಅಗಸೆ ಸೊಪ್ಪು ಹೊರಲು ಬಂದವು, ಹೊತ್ತವನು ನಾನು. ಅವನು ಹೇಳಿದ್ದು ಇಷ್ಟೇ: "ಅಂಗಾದ್ರೆ ತಪ್ಪು ತೀನೀದಲ್ಲ."

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನ ನೋಡುವಾಗ ಸುಮ್ಮನಿದ್ದು ನನಗೆ ರೂಢಿಯಿಲ್ಲ.

"ಅದೆಂಗಾಯ್ತದೆ ಅಣ್ಣ?" ಎಂದೆ. "ಒಂದು ಕೂಗಿಗೆ ಇಂಗೆ ಎದರ್ತಾವೆ ಅಂದ್ರೆ, ಸೊಪ್ಪು ತಿಂದು ತಿಂದು ಪುಕ್ಕಲಾಗವೆ ಅಂತ ಅರ್ಥ. ಮೀನು ತಿಂದಿದ್ರೆ ಧೈರ್ಯವಾಗಿ ಕೂತ್ಕಂಡು ಮೊಟ್ಟೆ ಇಕ್ತಿರ್ಲಿಲ್ವಾ?"

ಅತ್ತಿಗೆ ಜರಡಿಯನ್ನು ಮಡಿಲಿಗೆ ಎಳೆದುಕೊಂಡು, ಅಜ್ಜಿಗೂ ಚೆನ್ನಾಗಿ ಕೇಳುವ ಹಾಗೆ, ತಲೆಯನ್ನೂ ಎತ್ತದೆ ಹೇಳಿದಳು:

"ನಿನ್ನ ಶರಟು ಒಗೆದೋಳು ನಾನು. ಈ ಪುರಟ್ಟಾಸೀಲಿ ನಮ್ಮನೇಲಿ ಮೀನು ತಿಂದೋನು ನೀನೊಬ್ನೇ. ಎಲ್ಲಿ, ಧೈರ್ಯವಾಗಿ ಕೂತ್ಕಂಡು ಒಂದು ಮೊಟ್ಟೆ ಇಕ್ಕು, ನೋಡಾನ."